ಕೂಸಿನ ಕೆಂಪು ಮಚ್ಚೆ: ಎರಡನೇ ತಿಂಗಳ ತಪಾಸಣೆವರೆಗೆ ಕಾಯಬೇಡಿ

ರೋಣ ತಾಲ್ಲೂಕಿನ ಅಸೂಟಿಯಿಂದ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದ ಅವ್ವ, ಮೊಮ್ಮಗಳಿಗೆ ಎಣ್ಣೆ ಹಚ್ಚುವಾಗ ರೆಪ್ಪೆಯ ಮೇಲೆ ಕೆಂಪು ಚುಕ್ಕೆ ಕಂಡರೆ ಮೊದಲು ಕೇಳುವುದು ಇದನ್ನೇ: "ಗ್ರಹಣದಾಗ ಮೈ ಕೆರಕೊಂಡಿದ್ದಿ ಏನವ್ವಾ?" ಹಸಿ ಬಾಣಂತಿಗೆ ಆ ಮಾತು ಚುಚ್ಚುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ. ಮನೆಯವರು ಎಣಿಸಬೇಕಾದದ್ದು ಕೂಸಿನ ವಾರಗಳನ್ನು.

ಹೆಮಾಂಜಿಯೋಮಾ ಎಂಬ ಈ ರಕ್ತನಾಳದ ಗಂಟು ನೂರರಲ್ಲಿ ನಾಲ್ಕೈದು ಕೂಸುಗಳಿಗೆ ಬರುತ್ತದೆ, ದಿನ ತುಂಬದೆ ಹುಟ್ಟಿದವಕ್ಕೆ ಇನ್ನೂ ಹೆಚ್ಚು. ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡು, 5ರಿಂದ 7ನೇ ವಾರದಲ್ಲಿ ಸರಸರನೆ ಬೆಳೆಯುತ್ತದೆ. ಇಲ್ಲಿನ ಡಾಕ್ಟರು ಕೂಸನ್ನು ನೋಡುವುದು ಒಂದನೇ ತಿಂಗಳಿಗೆ, ಆಮೇಲೆ ಎರಡನೇ ತಿಂಗಳಿಗೆ. ಸರಸರನೆ ಬೆಳೆಯುವುದು ಆ ನಡುವೆಯೇ. ಹಾಗಾಗಿ ಕಂಡ ದಿನವೇ ಪಕ್ಕಕ್ಕೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆದು ಕ್ಲಿನಿಕ್ಕಿನ ಪೋರ್ಟಲ್‌ಗೆ ಕಳಿಸಿ, ಫೋನೂ ಮಾಡಿ.

"ತಾನೇ ಕರಗತೈತಿ" ಅನ್ನುವುದು ಸಣ್ಣ ಗಂಟುಗಳ ಮಟ್ಟಿಗೆ ನಿಜ. ಆದರೆ ಕರಗಲು ವರ್ಷಗಳೇ ಬೇಕು. ಅಷ್ಟರಲ್ಲಿ ರೆಪ್ಪೆಯ ಗಂಟು ದೃಷ್ಟಿಯನ್ನೇ ಕುಂದಿಸಬಹುದು. ತುಟಿ, ಮೂಗು, ಗದ್ದ, ಡೈಪರಿನ ಜಾಗದಲ್ಲಿದ್ದರೆ, ಹುಣ್ಣಾದರೆ, ಐದು ಅಥವಾ ಹೆಚ್ಚು ಗಂಟುಗಳಿದ್ದರೆ ತಡ ಮಾಡಲೇಬೇಡಿ. ಸುಣ್ಣ, ಅರಿಶಿನ ಹಚ್ಚಬೇಡಿ. ಗಂಟಿನ ಮೇಲೆ ತಿಕ್ಕಬೇಡಿ.

2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯೆ ಕ್ರಿಸ್ಟೀನ್ ಲಿಯೋತೆ-ಲಬ್ರೇಜ್ ಮತ್ತು ಸಂಗಡಿಗರು ಒಂದು ಅಚ್ಚರಿಯನ್ನು ವರದಿ ಮಾಡಿದರು. ಮೂಗಿನ ಮೇಲೆ ಗಂಟಿದ್ದ ಕೂಸಿಗೆ ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಕೊಟ್ಟಿದ್ದರು. ಮರುದಿನವೇ ಕಡುಕೆಂಪು ಗಂಟು ನೇರಳೆಗೆ ತಿರುಗಿ ಮೆತ್ತಗಾಗಿತ್ತು. ಈಗ ಮೊದಲ ಔಷಧ ಅದೇ. ಹಾಲು ಕುಡಿಸುವಾಗ ಅಥವಾ ಕುಡಿಸಿದ ಕೂಡಲೇ ಕೊಡಬೇಕು, ಚಮಚದಲ್ಲಲ್ಲ, ಸಿರಿಂಜಿನಲ್ಲೇ ಅಳೆದು. ಕೂಸು ಹಾಲು ಬಿಟ್ಟರೆ, ವಾಂತಿ ಮಾಡಿದರೆ, ಉಬ್ಬಸ ಬಂದರೆ ಆ ಹೊತ್ತಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಹೊಟ್ಟೆ ಖಾಲಿ ಇದ್ದಾಗ ಈ ಔಷಧದಿಂದ ರಕ್ತದ ಸಕ್ಕರೆ ಇಳಿಯಬಹುದು. ಬೆವರು, ನಡುಕ, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ 911. ಅವ್ವನಿಗೂ ಇದನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಡಿ.

ಹುಟ್ಟಿದಾಗಲೇ ಇದ್ದು ಮಗುವಿನೊಂದಿಗೇ ಬೆಳೆಯುವ ನಾಳಗಳ ರಚನಾದೋಷ (ವ್ಯಾಸ್ಕುಲರ್ ಮಾಲ್ಫಾರ್ಮೇಶನ್) ಬೇರೆಯೇ ವಿಷಯ. ಅದು ತಾನಾಗಿ ಕರಗದು, ಪ್ರೊಪ್ರನೊಲಾಲ್‌ಗೂ ಬಗ್ಗದು. ಚಪ್ಪಟೆ ಕೆಂಪು ಕಲೆಗೆ ಲೇಸರ್, ಅಭಿಧಮನಿ ಇಲ್ಲವೆ ದುಗ್ಧನಾಳದ ಗಂಟಿಗೆ ಒಳಗೇ ಇಂಜೆಕ್ಷನ್, ಕೆಲವಕ್ಕೆ ಸಿರೋಲಿಮಸ್ ಎಂಬ ಔಷಧ.

ಚಿಕಿತ್ಸೆಯ ಖರ್ಚಿಗೆ ತೊಡಕಾಗದಂತೆ ಕಂಪನಿಯ ವಿಮೆಗೆ ಕೂಸಿನ ಹೆಸರನ್ನು ಹುಟ್ಟಿದ 30 ದಿನದೊಳಗೆ ಸೇರಿಸಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಕೇಳಿ. ಆಸ್ಪತ್ರೆಯವರು ಅದಕ್ಕೆ ದುಡ್ಡು ಕೇಳುವಂತಿಲ್ಲ.

ಔಷಧ ನಡೆದಿರುವಾಗಲೇ ಊರಿಗೆ ಹೊರಟರೆ ಪೂರ್ತಿ ರಜೆಗೆ ಸಾಲುವಷ್ಟು ಬಾಟಲಿ, ಡಾಕ್ಟರ ಪತ್ರ ಕೈಚೀಲದಲ್ಲಿರಲಿ. ಅಲ್ಲಿನ ಬಾಟಲಿಯಲ್ಲಿ ಔಷಧದ ಸಾಂದ್ರತೆ ಬೇರೆ ಇರಬಹುದು. ಮಿಲಿಲೀಟರ್ ಮಾತ್ರ ನೋಡಿ ಕೊಡಬೇಡಿ. ತಜ್ಞರೇ ಬೇಕಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಚರ್ಮರೋಗ ವಿಭಾಗವಿದೆ.