ಪುಟ್ಟ ಹಡಗು, 480 ರಾಕೆಟ್: ಬಿದನೂರಿನ ಬಾವಿಯಿಂದ ಓಕಿನಾವಾ ತನಕ

ಗೆಳೆಯರೇ, ಮೊದಲು ಒಂದು ಸಣ್ಣ ಪ್ರಯೋಗ. ಲ್ಯಾಬ್‌ನಲ್ಲಿರೋ ಚಕ್ರದ ಕುರ್ಚಿ ಮೇಲೆ ಕಾಲೆತ್ತಿ ಕೂತು, ಪುಸ್ತಕ ತುಂಬಿದ ಬ್ಯಾಗನ್ನು ಜೋರಾಗಿ ಮುಂದಕ್ಕೆ ಎಸೆಯಿರಿ. ಕುರ್ಚಿ ಹಿಂದಕ್ಕೆ ಸರಿಯುತ್ತೆ. ನ್ಯೂಟನ್‌ನ ಮೂರನೇ ನಿಯಮ, ಪಿಯುಸಿಯಲ್ಲೇ ಓದಿದ್ದೀವಿ. ಈಗ ಅದೇ ಕುರ್ಚಿಯಲ್ಲಿ ಕೂತು ದೀಪಾವಳಿ ರಾಕೆಟ್ಟನ್ನು ಬಾಟಲಿಯಲ್ಲಿಟ್ಟು ಹಚ್ಚಿದಿರಿ ಅಂದ್ಕೊಳ್ಳಿ (ಅಂದ್ಕೊಂಡರೆ ಸಾಕು, ಹಚ್ಚಬೇಡಿ!). ಕುರ್ಚಿ ಹೆಚ್ಚುಕಡಿಮೆ ಕದಲೋದಿಲ್ಲ. ಯಾಕಂದ್ರೆ ರಾಕೆಟ್ಟನ್ನು ತಳ್ಳುವುದು ನೀವಲ್ಲ, ಹಿಂದಕ್ಕೆ ಚಿಮ್ಮುವ ಅದರದೇ ಅನಿಲ.

ಫಿರಂಗಿಗೂ ರಾಕೆಟ್ಟಿಗೂ ಇರುವ ವ್ಯತ್ಯಾಸ ಇಷ್ಟೇ. ಇದರಿಂದಲೇ ಪುಟ್ಟ ಹಡಗುಗಳಿಗೆ ದೊಡ್ಡ ಹಡಗಿನ ಹೊಡೆತ ಬಂತು.

ಕಾಡುಗೋಡಿಯಲ್ಲಿ ಕೂತು ಸಮುದ್ರದ ಮಾತೇಕೆ ಅಂತೀರಾ? ಕತೆ ಶುರುವಾಗೋದು ನಮ್ಮ ರಾಜ್ಯದಲ್ಲೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟಿನ ವಿಶೇಷ ಅದರ ಕಬ್ಬಿಣದ ಕೊಳವೆ. ಕಾಗದದ ಕೊಳವೆಗಿಂತ ಹೆಚ್ಚು ಒತ್ತಡ ತಾಳುತ್ತಿದ್ದರಿಂದ ಅದು ಹೆಚ್ಚು ದೂರ ಹಾರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇವನ್ನು ಇಂಗ್ಲೆಂಡಿಗೆ ಸಾಗಿಸಿದರು. ಇದರಿಂದ ಪ್ರೇರಣೆ ಪಡೆದು ತನ್ನ ರಾಕೆಟ್ ಮಾಡಿದ ವಿಲಿಯಂ ಕಾಂಗ್ರೀವ್‌ಗೆ ಒಂದು ವಿಷಯ ಹೊಳೆಯಿತು: ರಾಕೆಟ್ ಹಿಂದಕ್ಕೆ ಒದೆಯೋದಿಲ್ಲ, ಆದ್ದರಿಂದ ಚಿಕ್ಕ ದೋಣಿಯಿಂದಲೂ ಹಾರಿಸಬಹುದು. 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ ಹಾಗೇ ಹಾರಿಸಿದರು. ಗುರಿ ಬಂದರಿನ ಹಡಗುಗಳು, ಹೊತ್ತಿ ಉರಿದದ್ದು ಊರಿನ ಮನೆಗಳು!

ಈಗ 1945ಕ್ಕೆ ಬರೋಣ. ಜಪಾನಿನ ಓಕಿನಾವಾ ದ್ವೀಪಕ್ಕೆ ಸೈನಿಕರನ್ನು ಇಳಿಸುವ ಮುನ್ನ ದಡವನ್ನು ಜಾಲಾಡಲು ಅಮೆರಿಕ ತಂದದ್ದು ಎಲ್‌ಎಸ್‌ಎಂ(ಆರ್) ಎಂಬ ರಾಕೆಟ್ ಹಡಗುಗಳನ್ನು. ಉದ್ದ ಸುಮಾರು 62 ಮೀಟರ್, ಸಿಬ್ಬಂದಿ ಎಂಬತ್ತರ ಆಸುಪಾಸು. ಮೊದಲ ಮಾದರಿಯ ಹಡಗಿನಲ್ಲಿ 5 ಇಂಚಿನ ಫಿರಂಗಿ ಒಂದೇ ಒಂದು. ಆದರೆ 5 ಇಂಚಿನ ರಾಕೆಟ್ಟುಗಳು ಒಂದು ಸರದಿಗೆ 480!

ಲೆಕ್ಕ ನೋಡಿ. ಆ ಫಿರಂಗಿಯ ಗುಂಡು ಸುಮಾರು 25 ಕೆಜಿ, ವೇಗ ಸೆಕೆಂಡಿಗೆ ಸುಮಾರು 790 ಮೀಟರ್. ಹಡಗಿನ ತೂಕ 1000 ಟನ್ ಅಂತಿಟ್ಕೊಳ್ಳಿ. ಅಂಥ 480 ಗುಂಡುಗಳನ್ನು ಒಂದೇ ಏಟಿಗೆ ಹಾರಿಸಿದರೆ, ನೀರಿನ ತಡೆ ಬಿಟ್ಟರೆ, ಹಡಗು ಸೆಕೆಂಡಿಗೆ ಸುಮಾರು 9.5 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗಬೇಕು. ಅಂದರೆ ಗಂಟೆಗೆ 34 ಕಿ.ಮೀ. ಅದಕ್ಕೂ ಮೊದಲೇ ಡೆಕ್ ಕಿತ್ತು ಹೋಗಿರುತ್ತೆ ಬಿಡಿ. ರಾಕೆಟ್ಟಿಗೆ ಈ ತಲೆನೋವಿಲ್ಲ. ಒಂದು ಕಬ್ಬಿಣದ ಹಳಿ ಇದ್ದರೆ ಸಾಕು. ಗುರಿ ಅಷ್ಟು ನಿಖರವಾಗಿರದಿದ್ದರೂ ನಡೆಯುತ್ತೆ, ಇಡೀ ದಡವೇ ಗುರಿ ತಾನೇ?

ಆದರೆ ದಡದ ಕೆಲಸ ಮುಗಿದ ಮೇಲೆ ಈ ಹಡಗುಗಳಿಗೆ ಬೇರೆ ಕೆಲಸ ಹಚ್ಚಿದರು. ದ್ವೀಪದ ಸುತ್ತ ದೂರದಲ್ಲಿ ನಿಂತು ರಾಡಾರ್ ಕಾವಲು ಕಾಯುತ್ತಿದ್ದ ಡಿಸ್ಟ್ರಾಯರ್‌ಗಳ ಜೊತೆ ಇವನ್ನೂ ನಿಲ್ಲಿಸಿದರು. ಅಲ್ಲಿ ಬರುತ್ತಿದ್ದದ್ದು ಕಾಮಿಕಾಜೆ ವಿಮಾನಗಳು. ವಿಮಾನದ ಮುಂದೆ ದಡಕ್ಕೆ ಹೊಡೆಯುವ ರಾಕೆಟ್ ಏನೂ ಮಾಡಲಾರದು, ವಿಮಾನಕ್ಕೆ ಹೊಡೆಯುವ ತುಪಾಕಿಗಳೋ ಬೆರಳೆಣಿಕೆಯಷ್ಟು. ಮೇ 3ರಂದು ಎಲ್‌ಎಸ್‌ಎಂ(ಆರ್)-195ಕ್ಕೆ ವಿಮಾನ ಬಡಿಯಿತು. ಒಳಗಿದ್ದ ರಾಕೆಟ್ಟುಗಳೇ ಸಿಡಿದು ಹಡಗು ಮುಳುಗಿತು. ಮರುದಿನ 190 ಮತ್ತು 194 ಕೂಡ ಮುಳುಗಿದವು. ಎರಡು ದಿನದಲ್ಲಿ ಮೂರು ಹಡಗು.

ರಾಕೆಟ್ ಆ ಹಡಗುಗಳಿಗೆ ಹೊಡೆಯುವ ಶಕ್ತಿ ಕೊಟ್ಟಿತ್ತು. ಹೊಡೆತ ತಾಳುವ ಶಕ್ತಿ ಬರಬೇಕಾದ್ದು ಹಡಗಿನ ಒಡಲಿನಿಂದ, ಅದು ಇರಲಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನಿಪಾತ್, ನಿರ್ಘಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಮೇಲೆ ಎರಗಿದಾಗಲೂ ಒಡಲು ತೆಳುವೇ. ಆದರೆ ಕತ್ತಲಲ್ಲಿ ಹೋಗಿ, ದೂರದಿಂದಲೇ ಗುರಿ ಹುಡುಕುವ ಕ್ಷಿಪಣಿ ಬಿಟ್ಟು, ತಕ್ಷಣ ತಿರುಗಿ ಬಂದವು. ಒಂದು ಕೆಲಸಕ್ಕೆ ಮಾಡಿದ ಯಂತ್ರವನ್ನು ಬೇರೆ ಕೆಲಸಕ್ಕೆ ಕಳಿಸುವ ಮುನ್ನ, ಅದರಲ್ಲಿ ಏನಿಲ್ಲ ಅಂತ ಕೇಳಿಕೊಳ್ಳಲೇಬೇಕು. ನಾಳೆ ವಿನ್ಯಾಸ ಮಾಡೋರು ನಾವೇ ಅಲ್ವಾ?