ಆ ಹುಡುಗ ‘ಎತ್ತಣ್ಣಾ’ ಅಂದಾಗ

ಅಕ್ಕಾ, ನಮ್ಮದು ಚೌಳಹಿರಿಯೂರು. ಕಡೂರಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ, ವಯಸ್ಸು 19. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಶೂಟಿಂಗ್ ಗೇಮ್ ಆಡೋಕೆ ಶುರು ಮಾಡಿದೆ. ಸೀನಿಯರ್ ಹುಡುಗರು ಸ್ಕ್ವಾಡ್‌ಗೆ ಒಬ್ಬ ಕಡಿಮೆ ಬಿದ್ದಾಗ ಮಾತ್ರ ನನ್ನನ್ನು ಸೇರಿಸಿಕೊಳ್ಳೋರು. ಬೇಗ ಸತ್ತರೆ ಮೈಕ್‌ನಲ್ಲೇ ನೂಬ್, ಬಾಟ್, ಹಳ್ಳಿ ಗುಗ್ಗು ಅನ್ನೋರು. ಅಮ್ಮನ ಮೇಲೂ ಬೈಯೋರು. ಎಷ್ಟೋ ಸಲ ಲಾಬಿಯಿಂದಲೇ ಕಿಕ್ ಮಾಡಿದ್ದಾರೆ. ಮನೆ ಒಳಗೆ ಸಿಗ್ನಲ್ ಬರಲ್ಲ, ತೆಂಗಿನ ತೋಟದ ಅಂಚಿಗೆ ಹೋಗಿ ಕೂತು ಆಡ್ತಿದ್ದೆ. ಲ್ಯಾಗ್ ಆದರೂ ನಂದೇ ತಪ್ಪು. ಅಜ್ಜಂಪುರದ ಕಡೆಯ ಒಬ್ಬ ಅಣ್ಣ ಮಾತ್ರ ಎರಡು ಸಂಜೆ ಗೇಮಿನ ಟ್ರೈನಿಂಗ್ ಗ್ರೌಂಡ್‌ಗೆ ಕರೆದುಕೊಂಡು ಹೋಗಿ ಗನ್ ಹಿಡಿತ ಹೇಳಿಕೊಟ್ಟ. ಈಗ ನಾನು ಕ್ರೌನ್ ಅನ್ನೋ ಮೇಲಿನ ರ‍್ಯಾಂಕ್‌ನಲ್ಲಿದ್ದೀನಿ.

ಹೋದ ತಿಂಗಳು ಒಂದು ದಿನ ಸಾಲಾಗಿ ಸೋತು ಪಾಯಿಂಟ್ ಕಳ್ಕೊಂಡೆ. ಸಿಟ್ಟಿಗೆ ಎರಡನೇ ಐಡಿಯಲ್ಲಿ ರ‍್ಯಾಂಡಮ್ ಸ್ಕ್ವಾಡ್‌ಗೆ ಹೋದೆ. ಅಲ್ಲೊಬ್ಬ ಚಿಕ್ಕ ಹುಡುಗ ಸಿಕ್ಕಿದ. ಆರನೇ ಕ್ಲಾಸಂತೆ. ನಮ್ಮ ಕಡೆಯದೇ ಮಾತು. ‘ಅಣ್ಣಾ, ಎಲ್ಲಿ ಇಳೀಲಿ?’ ಅಂತ ಕೇಳ್ಕೊಂಡು ನನ್ನ ಹಿಂದೇನೇ ಬಂದ. ಅವನ ಲೂಟ್ ಎಲ್ಲ ನಾನೇ ತಗೊಂಡೆ. ನಾಕ್ ಆಗಿ ಬಿದ್ದಾಗ ‘ಎತ್ತಣ್ಣಾ, ಎತ್ತಣ್ಣಾ’ ಅಂದ. ಎತ್ತಲಿಲ್ಲ. ನನಗೆ ಅಂದಿದ್ದನ್ನೆಲ್ಲ ಅವನಿಗೆ ಅಂದೆ, ಅವನ ಅಮ್ಮನ ಮೇಲೂ. ಅವನು ಸುಮ್ಮನಾದ. ಆಮೇಲೆ ಅವನ ಮೈಕ್‌ನಲ್ಲಿ ಒಬ್ಬ ಹೆಂಗಸಿನ ದನಿ ಕೇಳಿಸ್ತು, ‘ಯಾಕಪ್ಪಾ ಅಳ್ತಿದ್ದೀಯಾ?’ ಅಂತ. ಲೈನ್ ಹೋಯ್ತು. ಫ್ರೆಂಡ್ಸ್ ಇದೆಲ್ಲ ಗೇಮಲ್ಲಿ ಕಾಮನ್ ಅಂತಾರೆ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ನಾನು ಕೆಟ್ಟವನಾ? ಆಟ ಬಿಟ್ಟುಬಿಡಲಾ?

ತಮ್ಮಾ,

ಸ್ನೇಹಿತರ ಸಮಾಧಾನ ನಿನಗೆ ನಾಟಲಿಲ್ಲವಲ್ಲ, ಅದು ಒಳ್ಳೆಯದಾಯಿತು. ನೀನು ಮಾಡಿದ್ದು ತಪ್ಪು. ಒಂದು ಮಗು ಅಣ್ಣಾ ಎಂದು ನಂಬಿ ಹಿಂದೆ ಬಂತು. ಅದರ ಕೈಯಲ್ಲಿದ್ದದ್ದನ್ನು ತೆಗೆದುಕೊಂಡೆ, ಬಿದ್ದಾಗ ಎತ್ತಲಿಲ್ಲ, ಹೆತ್ತವಳನ್ನು ಬೈದೆ. ಇದನ್ನು ನಾನು ಮೆತ್ತಗೆ ಮಾಡಿ ಹೇಳಿದರೆ ನಿನ್ನ ನಿದ್ದೆ ಮರಳಿ ಬರುವುದಿಲ್ಲ. ಬಿಜಿಎಂಐ 2021ರ ಜುಲೈನಲ್ಲಿ ಬಂದಾಗಲೇ 18 ತುಂಬದವರು ಪೋಷಕರ ಮೊಬೈಲ್ ನಂಬರು ಕೊಟ್ಟು ಒಪ್ಪಿಗೆ ಪಡೆಯಬೇಕು ಎಂಬ ನಿಯಮ ಇತ್ತು. ನಿನಗೆ ಕೇಳಿಸಿದ ಆ ಹೆಂಗಸೇ ಒಟಿಪಿ ಹೇಳಿ ಮಗನನ್ನು ಆಟಕ್ಕೆ ಕಳಿಸಿದ ತಾಯಿ ಇರಬಹುದು. ಆ ದನಿ ನಿನ್ನ ಕಿವಿಯಲ್ಲಿ ಇನ್ನೂ ಉಳಿದಿದೆ. ಉಳಿಯಲಿ ಬಿಡು, ಸ್ವಲ್ಪ ದಿನ.

ಆದರೆ ಕೆಟ್ಟವನಾ ಎಂಬ ನಿನ್ನ ಪ್ರಶ್ನೆಗೆ ನಾನು ಹೌದು ಅನ್ನಲಾರೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟವನ್ನು ನಡೆಸುವ ರಯಟ್ ಗೇಮ್ಸ್ ಕಂಪನಿಯಲ್ಲಿ ಆಟದೊಳಗಿನ ಬೈಗುಳವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ತಂಡವೊಂದಿತ್ತು. 2015ರಲ್ಲಿ ಅವರು ಹೇಳಿದ ಲೆಕ್ಕ ಹೀಗಿದೆ: ಯಾವಾಗಲೂ ಕೆಟ್ಟದಾಗಿಯೇ ನಡೆದುಕೊಳ್ಳುವವರು ನೂರಕ್ಕೆ ಒಬ್ಬರು. ಒಟ್ಟು ಕೆಟ್ಟ ನಡವಳಿಕೆಯಲ್ಲಿ ಅವರ ಪಾಲು ನೂರಕ್ಕೆ ಐದರಷ್ಟು. ಉಳಿದದ್ದರಲ್ಲಿ ಬಹುಪಾಲು ಬರುವುದು ಅವತ್ತಿನ ದಿನ ಕೆಟ್ಟಿದ್ದ ಸಾಮಾನ್ಯ ಆಟಗಾರರಿಂದ. ನಿನ್ನ ದಿನ ಹೇಗೆ ಕೆಟ್ಟಿತ್ತು ಎಂದು ನೀನೇ ಬರೆದಿದ್ದೀಯ, ಸಾಲಾಗಿ ಸೋತು ಪಾಯಿಂಟ್ ಹೋಗಿತ್ತು. ಆ ಸಿಟ್ಟನ್ನು ಹೊತ್ತುಕೊಂಡೇ ನಿನಗಿಂತ ಕೈಲಾಗದವರು ಇರುವ ಕಡೆಗೆ ಇಳಿದು ಹೋದೆ.

ಆ ಎರಡನೇ ಐಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಳಗಿದವನು ಹೊಸ ಹೆಸರಿನಲ್ಲಿ ಎಳೆಯರ ನಡುವೆ ಆಡುವುದಕ್ಕೆ ಆಟಗಾರರು ಸ್ಮರ್ಫ್ ಅನ್ನುತ್ತಾರೆ. 1996ರ ಸುಮಾರಿಗೆ ವಾರ್‌ಕ್ರಾಫ್ಟ್ 2 ಆಟದಲ್ಲಿ ಇಬ್ಬರು ಹೆಸರಾಂತ ಆಟಗಾರರಿಗೆ ಎದುರಾಳಿಗಳೇ ಸಿಗದಂತಾದಾಗ ಅವರು ಸ್ಮರ್ಫ್ ಕಾರ್ಟೂನಿನ ಪಾತ್ರಗಳ ಹೆಸರಿಟ್ಟುಕೊಂಡು ಬಂದರಂತೆ, ಆ ಹೆಸರೇ ನಿಂತಿತು. ಹೆಸರು ಮುದ್ದಾಗಿದ್ದರೂ ನಡೆಯುವುದು ಮಾತ್ರ ಹೈಸ್ಕೂಲಿನ ಕಬಡ್ಡಿ ತಂಡದವನು ಪ್ರೈಮರಿ ಮಕ್ಕಳ ಅಂಕಣಕ್ಕೆ ಇಳಿದು ಅವರನ್ನು ಎತ್ತಿ ಎಸೆದಂತೆ. ಮುಂದೆ ಹೇಳುವ ಒಂದು ಕೆಲಸ ಮುಗಿದ ಕೂಡಲೇ ಆ ಐಡಿಯನ್ನು ತೆಗೆದುಹಾಕು. ಇದರಲ್ಲಿ ಚರ್ಚೆ ಬೇಡ.

ಈಗ ನಿನ್ನ ಸೀನಿಯರ್‌ಗಳ ಕಡೆಗೆ ಬರೋಣ. ಅವರನ್ನು ಸಮರ್ಥಿಸುವುದಕ್ಕಲ್ಲ, ಅವರೊಳಗೆ ಏನು ನಡೆಯುತ್ತಿತ್ತು ಎಂದು ನಿನಗೆ ಗೊತ್ತಾಗಲಿ ಎಂದು. ಅದೇ ನಿನ್ನೊಳಗೂ ನಡೆದಿದೆ. ಅದರ ಬೇರು ಪಾಯಿಂಟ್ ಲೆಕ್ಕದಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿದ್ದ ಅರ್ಪಾಡ್ ಎಲೊ ಎಂಬ ಭೌತಶಾಸ್ತ್ರದ ಮೇಷ್ಟ್ರು ಚೆಸ್ ಆಟಗಾರರ ಬಲವನ್ನು ಅಂಕದಲ್ಲಿ ಅಳೆಯುವ ಕ್ರಮ ಕಟ್ಟಿದರು. ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ಗೆದ್ದರೆ ಏರು, ಸೋತರೆ ಇಳಿ ಎಂಬ ಆ ಯೋಚನೆಯೇ ಇಂದಿನ ಆನ್‌ಲೈನ್ ಆಟಗಳ ರ‍್ಯಾಂಕ್‌ಗಳ ಬೆನ್ನಿಗಿದೆ. ಚೆಸ್‌ನಲ್ಲಿ ಸೋಲು ಸೋತವನದು, ಪಕ್ಕದವನ ಅಂಕ ಅದರಿಂದ ಕರಗುವುದಿಲ್ಲ. ಸ್ಕ್ವಾಡ್‌ನಲ್ಲಿ ಹಾಗಲ್ಲ. ನಾಲ್ವರಲ್ಲಿ ಒಬ್ಬ ಇಳಿದ ಕೂಡಲೇ ಸತ್ತರೆ ಉಳಿದ ಮೂವರು ಎದುರಿನ ನಾಲ್ವರನ್ನು ಎದುರಿಸಬೇಕು, ಅವರ ವಾರದ ದುಡಿಮೆ ಇಳಿಯುತ್ತದೆ. ಹೊಸಬ ಅವರ ಕಣ್ಣಿಗೆ ಮನುಷ್ಯನಾಗಿ ಕಾಣುವ ಮೊದಲೇ ನಷ್ಟವಾಗಿ ಕಾಣುತ್ತಾನೆ. ಅದರ ಮೇಲೆ ಆಟವೂ ಹೊಸಬನಿಗೆ ಒಂದು ಮೋಸ ಮಾಡುತ್ತದೆ. ಶುರುವಿನ ಮ್ಯಾಚ್‌ಗಳಲ್ಲಿ ಅವನ ಎದುರು ಕಂಪ್ಯೂಟರೇ ನಡೆಸುವ ಬಾಟ್‌ಗಳನ್ನು ತುಂಬಿ ಗೆಲ್ಲಿಸುತ್ತದೆ. ನಾನೂ ಪರವಾಗಿಲ್ಲ ಅಂದುಕೊಂಡು ಅವನು ಮೇಲೆ ಬರುತ್ತಾನೆ. ನಿಜವಾದ ಮನುಷ್ಯರು ಎದುರಾಗುವ ಹೊತ್ತಿಗೆ ಪಕ್ಕದಲ್ಲಿ ಕಲಿಸುವವರು ಯಾರೂ ಇರುವುದಿಲ್ಲ, ನಗುವವರು ಇರುತ್ತಾರೆ.

ನಮ್ಮ ಬೀದಿಯ ಆಟಗಳಲ್ಲಿ ಇದಕ್ಕೊಂದು ದಾರಿ ಇತ್ತು. ಲಗೋರಿಗೋ ಕಣ್ಣಾಮುಚ್ಚಾಲೆಗೋ ದೊಡ್ಡ ಮಕ್ಕಳು ಗುಂಪು ಕಟ್ಟಿದಾಗ ತಮ್ಮನೋ ತಂಗಿಯೋ ನಾನೂ ಬರ್ತೀನಿ ಎಂದು ಅತ್ತರೆ ಏನು ಮಾಡುತ್ತಿದ್ದರು? ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಆ ಮಗು ಓಡಬಹುದು, ಚೆಂಡು ಮುಟ್ಟಬಹುದು, ಕಿರುಚಬಹುದು. ಔಟಾದರೆ ಯಾರಿಗೂ ನಷ್ಟವಿಲ್ಲ. ಒಂದು ದಿನ ಅದರ ಕೈ ಕುದುರುತ್ತಿತ್ತು, ಆವತ್ತಿನಿಂದ ಲೆಕ್ಕಕ್ಕೂ ಬರುತ್ತಿತ್ತು. ದೊಡ್ಡವರ ಸಭೆ ಸಮಿತಿಗಳಲ್ಲಿ ಈ ಮಾತು ಮೂದಲಿಕೆಯಾಗಿ ಬಳಕೆಯಾಗಿ ಅದರ ಹುಟ್ಟಿನ ಅಕ್ಕರೆಯನ್ನೇ ನಾವು ಮರೆತಿದ್ದೇವೆ. ಕಬಡ್ಡಿಯನ್ನೂ ನೆನಪು ಮಾಡಿಕೋ. ತಂಡಕ್ಕೆ ಪಾಯಿಂಟ್ ಬಂದಾಗ ಔಟಾಗಿ ಹೊರಗೆ ಕೂತವನು ಒಳಗೆ ಬರುತ್ತಾನಲ್ಲ, ಯಾರು ಮೊದಲು ಬರಬೇಕು? ಮೊದಲು ಔಟಾದವನು. ಚೆನ್ನಾಗಿ ಆಡುವವನನ್ನು ಮೊದಲು ಕರೆಯುವ ಆಯ್ಕೆಯೇ ಇಲ್ಲ. ಎಲ್ಲರಿಗಿಂತ ಮುಂಚೆ ಬಿದ್ದವನನ್ನು ಎಲ್ಲರಿಗಿಂತ ಮುಂಚೆ ಎಬ್ಬಿಸಬೇಕೆಂದು ನಿಯಮವೇ ಹೇಳುತ್ತದೆ. ನಿಮ್ಮ ಆಟದಲ್ಲಿ ಬಿದ್ದವನ ಪಕ್ಕ ಕೂತು ಎತ್ತಲು ಕೆಲವೇ ಸೆಕೆಂಡು ಸಾಕು, ಆದರೆ ಅದನ್ನು ಯಾವ ನಿಯಮವೂ ಕಡ್ಡಾಯ ಮಾಡಿಲ್ಲ. ಅಲ್ಲಿ ಎತ್ತುವುದು ಬಿಡುವುದು ನಿನ್ನ ಮನಸ್ಸು. ಅದಕ್ಕೇ ನಿನಗೆ ನಿದ್ದೆ ಬಾರದ್ದು.

ನಾನು ಅನುಭವಿಸಿದ್ದನ್ನು ಅವನೂ ಅನುಭವಿಸಲಿ, ಗಟ್ಟಿಯಾಗುತ್ತಾನೆ ಎಂಬ ಮಾತು ನಿನ್ನ ಪತ್ರದಲ್ಲಿ ಇಲ್ಲ. ಆದರೆ ಆ ಕ್ಷಣ ಎದೆಯಲ್ಲಿ ಎಲ್ಲೋ ಇತ್ತು ಅನ್ನಿಸುತ್ತದೆ, ಯಾಕೆಂದರೆ ನಿನಗೆ ಅಂದ ಮಾತುಗಳನ್ನೇ ಆಯ್ದು ಅವನಿಗೆ ಅಂದಿದ್ದೀಯ. ಹಾಸ್ಟೆಲ್‌ಗಳಲ್ಲಿ ರ‍್ಯಾಗಿಂಗ್ ಬದುಕಿದ್ದು ಹೀಗೆಯೇ. ಹೋದ ವರ್ಷ ಅತ್ತವನೇ ಈ ವರ್ಷ ಅಳಿಸುತ್ತಾನೆ, ಸಂಪ್ರದಾಯ ಎಂದು ಹೆಸರಿಡುತ್ತಾನೆ. ಅದನ್ನು ತಡೆಯಲು ಯುಜಿಸಿ 2009ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಾವಳಿಯನ್ನೇ ತರಬೇಕಾಯಿತು. ಕಾಲೇಜಿಗೆ ಸೇರುವಾಗ ನೀನೂ ಆ ಮುಚ್ಚಳಿಕೆಗೆ ಸಹಿ ಹಾಕಿರುತ್ತೀಯ. ಮೊಬೈಲ್‌ನಲ್ಲಿ ಅಂಥ ಕಾಗದ ಯಾರೂ ಕೇಳುವುದಿಲ್ಲ.

ಬೈಸಿಕೊಂಡೇ ನೀನು ಕ್ರೌನ್‌ಗೆ ಬಂದೆಯಾ? ನಿನ್ನ ಪತ್ರವನ್ನು ಇನ್ನೊಮ್ಮೆ ಓದಿನೋಡು. ತಿಂಗಳುಗಟ್ಟಲೆ ಬೈದವರ ಬಗ್ಗೆ ಅಷ್ಟುದ್ದ ಬರೆದು, ಅಜ್ಜಂಪುರದ ಅಣ್ಣನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಗನ್ ಹಿಡಿತ ಹೇಳಿಕೊಟ್ಟವನು ಅವನು. ಅವನಿಗೂ ರ‍್ಯಾಂಕ್ ಇತ್ತು, ಅವನಿಗೂ ಆ ಎರಡು ಸಂಜೆ ಪಾಯಿಂಟ್ ಬರಲಿಲ್ಲ. ಟ್ರೈನಿಂಗ್ ಗ್ರೌಂಡ್‌ನಲ್ಲಿ ಅಂಕವೇ ಇಲ್ಲವಲ್ಲ. ಅಲ್ಲಿ ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಆಗಿದ್ದೆ, ಆದ್ದರಿಂದಲೇ ಕಲಿತೆ. ಬೈಗುಳದಿಂದ ನಿನಗೆ ಸಿಕ್ಕಿದ್ದು ಬೈಗುಳ ಮಾತ್ರ. ಅದನ್ನು ಜೋಪಾನವಾಗಿ ಇಟ್ಟುಕೊಂಡು ಆರನೇ ಕ್ಲಾಸಿನವನಿಗೆ ದಾಟಿಸಿದೆ.

ನಿನ್ನ ಸೀನಿಯರ್‌ಗಳ ಬಗ್ಗೆ ಇನ್ನೊಂದು ಮಾತು. ಆಸ್ಟ್ರೇಲಿಯಾದ ಮೈಕೆಲ್ ಕಸುಮೋವಿಕ್ ಮತ್ತು ಅಮೆರಿಕದ ಜೆಫ್ರಿ ಕುಜ್ನೆಕಾಫ್ ಎಂಬ ಸಂಶೋಧಕರು ಹ್ಯಾಲೋ 3 ಎಂಬ ಗುಂಡಿನಾಟದಲ್ಲಿ ಗಂಡು, ಹೆಣ್ಣು ದನಿಗಳನ್ನು ಕೇಳಿಸಿ ಜೊತೆ ಆಟಗಾರರು ಹೇಗೆ ಮಾತನಾಡುತ್ತಾರೆ ಎಂದು ನೋಡಿ 2015ರಲ್ಲಿ ಪ್ರಕಟಿಸಿದರು. ಹೆಣ್ಣು ದನಿಯ ಮೇಲೆ ಹೆಚ್ಚು ಹರಿಹಾಯ್ದವರು ಆಟದಲ್ಲಿ ಹಿಂದೆ ಬಿದ್ದ ಗಂಡಸರು. ಕೈ ಪಳಗಿದವರು ಹೆಚ್ಚು ಸೌಜನ್ಯದಿಂದ ಇದ್ದರು. ನಿನ್ನ ಸ್ಕ್ವಾಡ್‌ನಲ್ಲಿ ಅತಿ ಹೆಚ್ಚು ಕೂಗಾಡುತ್ತಿದ್ದವನು ಯಾರು, ಅವನ ಆಟ ಹೇಗಿತ್ತು ಎಂದು ಒಮ್ಮೆ ನೆನಪಿಸಿಕೋ. ಎಷ್ಟೋ ಹೆಣ್ಣುಮಕ್ಕಳು ಯಾಕೆ ಮೈಕ್ ಆಫ್ ಮಾಡಿಕೊಂಡೇ ಆಡುತ್ತಾರೆ ಎಂಬುದೂ ಆಗ ಹೊಳೆಯಬಹುದು.

ಇನ್ನು ಏನು ಮಾಡಬೇಕು ಎಂದರೆ, ಆ ಎರಡನೇ ಐಡಿಯನ್ನು ತೆಗೆಯುವ ಮೊದಲು, ಜೊತೆ ಆಡಿದವರ ಪಟ್ಟಿಯಲ್ಲಿ ಆ ಹುಡುಗನ ಐಡಿ ಇನ್ನೂ ಸಿಕ್ಕರೆ ಒಂದೇ ಒಂದು ಸಂದೇಶ ಕಳಿಸು: ‘ಅವತ್ತು ನಾನು ಅಂದದ್ದು ತಪ್ಪು, ನಿನ್ನದೇನೂ ತಪ್ಪಿರಲಿಲ್ಲ.’ ಅಷ್ಟೇ. ಅವನ ಊರು, ಶಾಲೆ, ಫೋನ್ ನಂಬರು ಕೇಳಬೇಡ. ಕ್ಷಮಿಸಿದೆ ಅನ್ನು ಎಂದು ಕಾಡಬೇಡ. ಗೊತ್ತಿಲ್ಲದ ದೊಡ್ಡವರು ಆನ್‌ಲೈನ್‌ನಲ್ಲಿ ಮಗುವಿನ ಬೆನ್ನು ಹತ್ತುವುದು, ಒಳ್ಳೆಯ ಉದ್ದೇಶಕ್ಕಾದರೂ ಸರಿಯಲ್ಲ. ಉತ್ತರ ಬರದಿದ್ದರೆ, ಬ್ಲಾಕ್ ಮಾಡಿದ್ದರೆ, ಅದು ಅವನ ಹಕ್ಕು. ಐಡಿ ಸಿಗದೇ ಹೋದರೆ ಈ ಸಾಲ ಹಾಗೆಯೇ ಉಳಿಯುತ್ತದೆ, ಅದನ್ನು ಬೇರೆ ಮಕ್ಕಳ ಹತ್ತಿರ ತೀರಿಸಬೇಕು.

ಅದಕ್ಕೇ ಆಟ ಬಿಡು ಅಂತ ನಾನು ಹೇಳುತ್ತಿಲ್ಲ. ನೀನು ಬಿಟ್ಟರೆ ಆ ಜಾಗದಲ್ಲಿ ಕೂರುವವನು ಸೀನಿಯರ್‌ಗಳ ತರಹದವನೇ ಆಗಿದ್ದರೆ? ವಾರಕ್ಕೆ ಒಂದು ಸಂಜೆ ಇಡು. ನಿಮ್ಮ ಬೀದಿಯಲ್ಲೇ ಹೊಸದಾಗಿ ಆಡುವ ಹುಡುಗ ಹುಡುಗಿಯರು ಇದ್ದಾರು, ಅವರ ಮನೆಯವರಿಗೆ ತಿಳಿಸಿಯೇ ಅವರನ್ನು ಟ್ರೈನಿಂಗ್ ಗ್ರೌಂಡ್‌ಗೋ ರ‍್ಯಾಂಕ್ ಇಲ್ಲದ ಮ್ಯಾಚ್‌ಗೋ ಕರೆದುಕೊಂಡು ಹೋಗು. ಸಾಲಾಗಿ ಎರಡು ಮ್ಯಾಚ್ ಸೋತರೆ ಫೋನ್ ಕೆಳಗಿಡು. ಮೂರನೆಯದರಲ್ಲಿ ನಿನ್ನ ಜೊತೆ ಯಾರು ಬೀಳುತ್ತಾರೋ ನಿನಗೆ ಗೊತ್ತಿರುವುದಿಲ್ಲ. ಸೀನಿಯರ್‌ಗಳು ಇನ್ನೊಬ್ಬ ಹೊಸಬನನ್ನು ಬೈಯಲು ಶುರು ಮಾಡಿದಾಗ ಭಾಷಣ ಮಾಡಬೇಕಿಲ್ಲ. ‘ಬಿಡ್ರೋ, ಅವನಿಗೆ ನಾನು ಕವರ್ ಕೊಡ್ತೀನಿ’ ಅಂದರೆ ಸಾಕು. ಮತ್ತೂ ಬೈದರೆ ಲಾಬಿಯಿಂದ ನೀನೇ ಹೊರಗೆ ಬಾ. ರಿಪೋರ್ಟ್ ಮಾಡುವ ಬಟನ್ ಇರುವುದೂ ಇಂಥವರಿಗೇ.

ನಿದ್ದೆ ಇನ್ನೂ ಒಂದೆರಡು ವಾರ ಹೀಗೇ ಕೆಟ್ಟರೆ, ಊಟ ಸೇರದಿದ್ದರೆ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ಸಹಾಯವಾಣಿಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಆಟದ ಹೊತ್ತೇ ಕೈ ಮೀರುತ್ತಿದೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಸದ್ಯಕ್ಕೆ ನಿನಗೆ ಅಷ್ಟು ಬೇಕಾಗಿಲ್ಲ ಎಂದು ನನ್ನ ಅಂದಾಜು.

ಅಜ್ಜಂಪುರದ ಆ ಅಣ್ಣನಿಗೆ ಮಾತ್ರ ಈ ವಾರವೇ ಫೋನ್ ಮಾಡು. ನನಗೆ ಬರೆದದ್ದನ್ನೆಲ್ಲ ಅವನಿಗೂ ಹೇಳು, ಲೂಟ್ ತೆಗೆದುಕೊಂಡದ್ದನ್ನೂ ಬಿಡದೆ. ನನಗೆ ನಿಮ್ಮ ಆಟ ಅರ್ಧ ಮಾತ್ರ ಗೊತ್ತು, ಅವನಿಗೆ ಆಟವೂ ಗೊತ್ತು, ಎಳೆಯ ಆಟಗಾರನಾಗಿದ್ದ ನೀನೂ ಗೊತ್ತು. ಅವನು ಏನಂದ ಎಂದು ನನಗೆ ಬರೆ.

ನಿನ್ನ ಅಕ್ಕ