ಒಳಗಿವಿಯ ಹುಟ್ಟು

ಕಿವಿ ಎಂದೊಡನೆ ನಮಗೆ ನೆನಪಾಗುವುದು ಓಲೆ ಇಡುವ ಹೊರಗಿವಿ. ಆದರೆ ಕೇಳುವ ಕಾರ್ಯ ನಿಜವಾಗಿ ನಡೆಯುವುದು ತಲೆಬುರುಡೆಯ ಗಟ್ಟಿಮೂಳೆಯೊಳಗೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ, ಬಟಾಣಿ ಕಾಳಿನಷ್ಟು ದೊಡ್ಡದಾದ ಕರ್ಣಶಂಖದಲ್ಲಿ. ಜೀವಶಾಸ್ತ್ರದ ವಿದ್ಯಾರ್ಥಿಯಾದ ನಾನು ಇದರ ಕಥೆಯನ್ನು, ವಿಜ್ಞಾನ ಓದದ ಮಿತ್ರರಿಗೂ ತಿಳಿಯುವಂತೆ, ಹೇಳಬಯಸುತ್ತೇನೆ.

ನಮ್ಮ ಪ್ರಯೋಗಶಾಲೆಯಲ್ಲಿ, ಕಾವಿಗಿಟ್ಟು ಎರಡು ದಿನವಾದ ಕೋಳಿಮೊಟ್ಟೆಯ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುವುದುಂಟು. ಹಿಮ್ಮಿದುಳಿನ ಎರಡು ಪಕ್ಕಗಳಲ್ಲಿ ಎರಡು ಪುಟ್ಟ ಕುಳಿಗಳು ಕಾಣುತ್ತವೆ. ಅವೇ ಮುಂದಿನ ಕಿವಿಗಳು! ಹೊರಪದರದ ಒಂದು ಚೂರು ದಪ್ಪಗಾಗಿ, ಕುಳಿಬಿದ್ದು, ಬಾಯಿ ಮುಚ್ಚಿಕೊಂಡು ಚೀಲವಾಗುತ್ತದೆ. ಚೀಲದ ಒಂದು ಭಾಗ ದೇಹದ ಸಮತೋಲವನ್ನು ನೋಡಿಕೊಳ್ಳುವ ಅಂಗವಾಗುತ್ತದೆ. ಇನ್ನೊಂದು ಭಾಗ ಶಂಖವಾಗುತ್ತದೆ. ಮನುಷ್ಯನಲ್ಲಿ ಇದು ಗರ್ಭದ ನಾಲ್ಕನೆಯ ವಾರದಲ್ಲಿ ಮೊದಲಾಗುತ್ತದೆ. ಕೋಳಿಯ ಶಂಖ ತುಸು ಬಾಗಿ ನಿಲ್ಲುತ್ತದೆ, ಅಷ್ಟೆ. ನಮ್ಮದು ಎರಡೂವರೆ ಸುತ್ತು.

ಶಂಖದೊಳಗೆ ಸಾಲಾಗಿ ನಿಂತ ರೋಮಕೋಶಗಳಿವೆ. ಒಂದೊಂದರ ನೆತ್ತಿಯ ಮೇಲೂ ಅತಿಸೂಕ್ಷ್ಮವಾದ ಕೂದಲಿನ ಕುಚ್ಚು. ಶಬ್ದದ ಅಲೆಗೆ ಕುಚ್ಚು ಬಾಗಿದರೆ ಕೋಶದಲ್ಲಿ ವಿದ್ಯುತ್ತು ಹರಿದು ಸುದ್ದಿ ನರಕ್ಕೆ ಮುಟ್ಟುತ್ತದೆ. ಕಣ್ಣಿನ ಪರದೆಯಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಮಿಕ್ಕಿವೆ. ಕಿವಿಯೊಂದಕ್ಕೆ ರೋಮಕೋಶಗಳು ಸುಮಾರು 15,000 ಮಾತ್ರ. ಅವೂ ಹುಟ್ಟುವ ಮೊದಲೇ ಎಣಿಸಿ ಕೊಟ್ಟವು. ಸತ್ತುದರ ಸ್ಥಾನಕ್ಕೆ ಹೊಸದು ಬಾರದು.

ಕೆಡುವುದಕ್ಕೂ ಒಂದು ಕ್ರಮವಿದೆ. ಏರುದನಿಗಳು ಶಂಖದ ಬುಡದಲ್ಲಿಯೂ ಇಳಿದನಿಗಳು ತುದಿಯಲ್ಲಿಯೂ ಹೆಚ್ಚಾಗಿ ಅಲುಗಾಟವೆಬ್ಬಿಸುತ್ತವೆಂದು ಹಂಗೇರಿಯ ಬೇಕೆಶಿ ತೋರಿಸಿದನು. ಅವನಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂದಿತು. ದೊಡ್ಡ ಸದ್ದಿಗೂ ಮುಪ್ಪಿಗೂ ಮೊದಲು ಬಲಿಯಾಗುವುವು ಬುಡದ ಕಡೆಯ ಕೋಶಗಳೇ. ನನ್ನ ಸೋದರಮಾವ ಬಹುಕಾಲ ವಿದ್ಯುತ್ ಮಗ್ಗದ ಮುಂದೆ ದುಡಿದವರು. ಅವರಿಗೆ ಸದ್ದು ಕೇಳುತ್ತದೆ, ಮಾತು ತಿಳಿಯದು. ಸ, ಶ ಮುಂತಾದ ಅಕ್ಷರಗಳ ಏರುದನಿ ಜಾರಿಹೋಗುತ್ತದೆ. ನಾವು ಗಟ್ಟಿಯಾಗಿ ಕೂಗಿದರೆ, “ಕಿರುಚಬೇಡವೋ, ಬಿಡಿಸಿ ಹೇಳು” ಎನ್ನುತ್ತಾರೆ. ಯಾವ ಶಾಸ್ತ್ರವನ್ನೂ ಓದದ ಅವರ ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ.

ಇನ್ನು ಕೋಳಿಯ ಮಾತು. 1988ರಲ್ಲಿ ಅಮೆರಿಕದ ಎರಡು ತಂಡಗಳು ಒಂದು ಸೋಜಿಗವನ್ನು ಪ್ರಕಟಿಸಿದವು. ಭಾರಿ ಸದ್ದಿನಿಂದ ರೋಮಕೋಶಗಳನ್ನು ಕಳೆದುಕೊಂಡ ಕೋಳಿಮರಿಗಳಲ್ಲಿಯೂ ಲಾವಕ್ಕಿಗಳಲ್ಲಿಯೂ ಹೊಸ ರೋಮಕೋಶಗಳು ಹುಟ್ಟಿದ್ದವು! ಪಕ್ಕದಲ್ಲಿ ಆಸರೆಯಾಗಿ ನಿಂತ ಕೋಶಗಳು ಇಬ್ಭಾಗವಾಗಿ ಆ ಕೆಲಸಕ್ಕೆ ಬಂದಿದ್ದವು. ಅಂಥ ಆಸರೆಕೋಶಗಳು ನಮ್ಮ ಕಿವಿಯಲ್ಲಿಯೂ ಇವೆಯಷ್ಟೆ, ಅವೇಕೆ ಸುಮ್ಮನಿವೆ?

ಉತ್ತರದ ಒಂದು ತುಣುಕು ಭ್ರೂಣದಲ್ಲಿಯೇ ದೊರಕಿತು. ಅಟೋ-1 ಎಂಬ ಜೀನ್ ಇಲ್ಲದ ಇಲಿಮರಿಯ ಒಳಗಿವಿಯಲ್ಲಿ ರೋಮಕೋಶಗಳೇ ಮೂಡುವುದಿಲ್ಲವೆಂದು 1999ರಲ್ಲಿ ತಿಳಿಯಿತು. ಕಿವಿ ಕಟ್ಟಿ ಮುಗಿದ ಮೇಲೆ ಈ ಜೀನ್ ಮೌನ ತಾಳುತ್ತದೆ. ಅದನ್ನು ಮತ್ತೆ ಎಬ್ಬಿಸಿ ಇಲಿಗಳಲ್ಲಿ ಕೆಲವು ರೋಮಕೋಶಗಳನ್ನು ಪಡೆದದ್ದುಂಟು.

2024ರಲ್ಲಿ ಚೀನಾದ ವೈದ್ಯರು ಹುಟ್ಟುಗಿವುಡು ಮಕ್ಕಳ ಒಳಗಿವಿಗೆ, ಅವರಲ್ಲಿ ಕೆಟ್ಟಿದ್ದ ಒಂದು ಜೀನಿನ ಸರಿಯಾದ ಪ್ರತಿಯನ್ನು ನಿರುಪದ್ರವಿ ವೈರಸ್ಸಿನ ಮೂಲಕ ಸೇರಿಸಿ ಕೇಳಿಸಿದ ಸುದ್ದಿಯನ್ನು ಪ್ರಕಟಿಸಿದರು. ಹಿಗ್ಗುವ ಸಂಗತಿಯೇ ಸರಿ. ಆದರೆ ಆ ಮಕ್ಕಳಲ್ಲಿ ರೋಮಕೋಶಗಳಿದ್ದವು. ಸುದ್ದಿಯನ್ನು ನರಕ್ಕೆ ದಾಟಿಸುವ ಪ್ರೋಟೀನ್ ಮಾತ್ರ ಇರಲಿಲ್ಲ. ನಮ್ಮ ಮಾವನಂಥವರಿಗೆ ಕೋಶಗಳೇ ಹೊಸದಾಗಿ ಹುಟ್ಟಬೇಕು. ಆ ವಿದ್ಯೆ ಇನ್ನೂ ಇಲಿಯ ಕಿವಿಯನ್ನು ದಾಟಿ ಬಂದಿಲ್ಲ.